ರಾಜೀನಾಮೆ ಕೊಟ್ಟರೂ ಮುಗಿಯದ ಹೊಣೆ

ಕಳೆದ ವರ್ಷ ಒಂದು ದಿನ ಅಸರ್ ನಮಾಝಿನ ಬಳಿಕ, ನಮ್ಮ ಮದ್ರಸದಲ್ಲಿ ಹಿಂದೆ ಕಲಿತಿದ್ದ ಹುಡುಗಿಯೊಬ್ಬಳ ಉಮ್ಮ ತಮ್ಮ ಕಿರಿಯ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಪರ್ದಾದ ಒಳಗಿನಿಂದ ಒಂದು ಕಂದು ಲಕೋಟೆ ತೆಗೆದು ನನ್ನ ಹೆಂಡತಿಯ ಕೈಗೆ ಕೊಟ್ಟರು. "ಉಸ್ತಾದರಿಗೆ ಓದಲಿಕ್ಕೆ ಹೇಳಿ. ಮಗಳ ಹೆಸರಿಗೆ ಬಂದದ್ದು. ಅವಳು ಕೆಲಸ ಬಿಟ್ಟು ವರ್ಷ ಆಯ್ತಲ್ಲ, ಮತ್ತೆ ಇದು ಎಂತ?"

ಮದ್ರಸದ ಮುಅಲ್ಲಿಂಗಳ ಹತ್ತಿರ ಜನ ಕುರ್‌ಆನ್ ಓದಿಸಲು ಮಾತ್ರ ಬರುವುದಿಲ್ಲ. ಬ್ಯಾಂಕಿನ ಕಾಗದ, ರೇಷನ್ ಕಾರ್ಡಿನ ಕಾಗದ, ಕೋರ್ಟಿನ ಕಾಗದ ಎಲ್ಲವನ್ನೂ ತರುತ್ತಾರೆ. ನಾನು ಪಿಯುಸಿವರೆಗೆ ಓದಿದವನು, ವಕೀಲನಲ್ಲ. ಆದರೂ ಲಕೋಟೆಯ ಮೇಲೆ ಏನು ಬರೆದಿದೆ ಎಂದು ಗೊತ್ತಾಯಿತು. ಅದು ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗದ ನೋಟೀಸು. ಮನೆಗೆ ತಲುಪಿ 19 ದಿನ ಆಗಿತ್ತು. ಗಂಡನ ಮನೆಯವರಿಗೆ ಗೊತ್ತಾದರೆ ಏನು ತಿಳಿದುಕೊಳ್ಳುವರೋ ಎಂಬ ಹೆದರಿಕೆಯಲ್ಲಿ ಉಮ್ಮ ಅದನ್ನು ಕಪಾಟಿನಲ್ಲಿ ಸೀರೆಗಳ ಅಡಿಯಲ್ಲಿ ಇಟ್ಟಿದ್ದರಂತೆ.

ಹುಡುಗಿ ಎಂಬಿಬಿಎಸ್ ಮುಗಿಸಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ಡ್ಯೂಟಿ ಡಾಕ್ಟರ್ ಆಗಿದ್ದಳು. ನಿಕಾಹ್ ಆಯಿತು, ಗಂಡ ದಮ್ಮಾಮಿನಲ್ಲಿ, ಕೆಲಸಕ್ಕೆ ರಾಜೀನಾಮೆ ಕೊಟ್ಟು ಅಲ್ಲಿಗೆ ಹೋದಳು. ರಾಜೀನಾಮೆಗೆ ಕೆಲವು ತಿಂಗಳ ಮೊದಲು ಒಂದು ರಾತ್ರಿ ಎದೆನೋವು ಎಂದು ಬಂದ ಒಬ್ಬರಿಗೆ ಔಷಧ ಕೊಟ್ಟು ಮನೆಗೆ ಕಳುಹಿಸಲಾಗಿತ್ತು. ಮರುದಿನ ಅವರು ತೀರಿಕೊಂಡರು. ದೂರಿನಲ್ಲಿ ಆಸ್ಪತ್ರೆ, ಹಿರಿಯ ವೈದ್ಯರು, ಮೂರನೆಯವಳಾಗಿ ಈ ಹುಡುಗಿ. "ಹಿರಿಯರಿಗೆ ಫೋನ್ ಮಾಡಿ ಕೇಳಿಯೇ ಕಳುಹಿಸಿದ್ದು" ಎಂದು ಅವಳು ಹೇಳುತ್ತಾಳೆ. ತೀರಿಹೋದವರಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆ. ಯಾರದು ಸರಿ, ಯಾರದು ತಪ್ಪು ಎಂದು ಹೇಳುವ ಅಧಿಕಾರ ನನಗಿಲ್ಲ, ಅದನ್ನು ಆಯೋಗ ನೋಡಲಿ.

ನಾನು ಬರೆಯುವುದು ಆ ನಂತರ ಗೊತ್ತಾದ ವಿಷಯದ ಬಗ್ಗೆ. ಹುಡುಗಿಗೆ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ ಇತ್ತು. ಚಿಕಿತ್ಸೆಯಲ್ಲಿ ತಪ್ಪಾಯಿತು ಎಂದು ಯಾರಾದರೂ ಪರಿಹಾರ ಕೇಳಿದರೆ ಆ ಪರಿಹಾರವನ್ನೂ ವಕೀಲರ ಖರ್ಚನ್ನೂ ಭರಿಸುವ ವಿಮೆ ಅದು. ಕೆಲಸಕ್ಕೆ ಸೇರಿದಾಗ ಗೆಳತಿಯರು ಹೇಳಿದರೆಂದು ಮಾಡಿಸಿದ್ದಳು. ಉಪ್ಪ ಎರಡು ವರ್ಷ ಕಂತು ಕಟ್ಟಿದ್ದರು. ನಿಕಾಹ್ ಆದ ಮೇಲೆ ನವೀಕರಣದ ಮೆಸೇಜ್ ಬಂದಾಗ, "ಇನ್ನು ಅವಳು ಡ್ಯೂಟಿಗೆ ಹೋಗುವುದಿಲ್ಲವಲ್ಲ, ಯಾಕೆ ದುಡ್ಡು ದಂಡ?" ಎಂದು ಬಿಟ್ಟುಬಿಟ್ಟರು. ಯಾವ ಉಪ್ಪನೂ ಹಾಗೆಯೇ ಮಾಡುತ್ತಿದ್ದರು, ನಾನೂ ಅಷ್ಟೆ.

ನೋಟೀಸು ಹಿಡಿದುಕೊಂಡು ವಿಮಾ ಕಂಪೆನಿಗೆ ಹೋದಾಗ ಉತ್ತರ ಎರಡೇ ಮಾತಿನದ್ದು: ಘಟನೆ ನಡೆದಾಗ ಪಾಲಿಸಿ ಇತ್ತು ನಿಜ, ಆದರೆ ದೂರು ಬಂದಾಗ ಇಲ್ಲ. ಆದ್ದರಿಂದ ನಾವು ಕೊಡಲು ಬರುವುದಿಲ್ಲ.

ಉಪ್ಪನಿಗೆ ಇದು ಮೋಸ ಎಂದೇ ಕಂಡಿತು. ನನಗೂ ಮೊದಲು ಹಾಗೆಯೇ ಅನಿಸಿತ್ತು. ವಕೀಲರು ಕೂರಿಸಿ ವಿವರಿಸಿದ ಮೇಲೆ ಅರ್ಥವಾಯಿತು. ನಮ್ಮಲ್ಲಿ ಪ್ರತಿ ಮನೆಯಲ್ಲೂ ಇರುವ ವಿಮೆ ಬೈಕಿನದ್ದು. ಬೈಕಿನ ಥರ್ಡ್ ಪಾರ್ಟಿ ವಿಮೆಯಲ್ಲಿ ಲೆಕ್ಕಕ್ಕೆ ಬರುವುದು ಅಪಘಾತ ನಡೆದ ದಿನ. ಆ ದಿನ ಪಾಲಿಸಿ ಇದ್ದರೆ ಸಾಕು, ಕೇಸು ಮರುವರ್ಷ ಹಾಕಲಿ, ಅಷ್ಟರಲ್ಲಿ ನೀವು ಬೈಕ್ ಮಾರಿಯೇ ಬಿಟ್ಟಿರಲಿ, ಆ ದಿನದ ಕಂಪೆನಿಯೇ ಕೊಡಬೇಕು. ವೈದ್ಯರ ಪಾಲಿಸಿಯ ಲೆಕ್ಕ ಬೇರೆ. ಇದನ್ನು 'ಕ್ಲೇಮ್ಸ್ ಮೇಡ್' ಪಾಲಿಸಿ ಎನ್ನುತ್ತಾರೆ. ಇಲ್ಲಿ ಎರಡು ದಿನಗಳನ್ನು ನೋಡುತ್ತಾರೆ: ಚಿಕಿತ್ಸೆ ಕೊಟ್ಟ ದಿನ, ಮತ್ತು ಪರಿಹಾರ ಕೇಳಿದ ದಿನ. ಪರಿಹಾರ ಕೇಳಿ ನೋಟೀಸು ಬಂದ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು. ಚಿಕಿತ್ಸೆ ಕೊಟ್ಟ ದಿನ, ಪಾಲಿಸಿಯಲ್ಲಿ ಬರೆದಿರುವ 'ರೆಟ್ರೋಆಕ್ಟಿವ್ ಡೇಟ್' ನಂತರದ್ದಾಗಿರಬೇಕು. ಈ ತಾರೀಖು ಸಾಮಾನ್ಯವಾಗಿ ನೀವು ಮೊಟ್ಟಮೊದಲು ಪಾಲಿಸಿ ಮಾಡಿಸಿದ ದಿನ. ಪ್ರತಿ ವರ್ಷ ತಪ್ಪದೆ ನವೀಕರಿಸಿದರೆ ಆ ತಾರೀಖು ಹಾಗೆಯೇ ಉಳಿಯುತ್ತದೆ. ಒಂದು ವರ್ಷ ಬಿಟ್ಟರೆ ಹಿಂದಿನದ್ದೆಲ್ಲ ಹೋಯಿತು. ನೋಟೀಸು ಬಂದ ಮೇಲೆ ಓಡಿಹೋಗಿ ಹೊಸ ಪಾಲಿಸಿ ಮಾಡಿಸಿದರೆ ಹಳೆಯ ರೋಗಿಯ ವಿಷಯಕ್ಕೆ ಅದು ಬರುವುದಿಲ್ಲ.

ಅಂದರೆ ಎರಡು ವರ್ಷ ಕಟ್ಟಿ ಮೂರನೇ ವರ್ಷ ಬಿಟ್ಟವರಿಗೆ, ಕಟ್ಟಿದ ಆ ಎರಡು ವರ್ಷದ ರಕ್ಷಣೆಯೂ ಇಲ್ಲ. ಇದನ್ನು ಏಜೆಂಟರು ಹೇಳುವುದಿಲ್ಲ. ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಟ್ಟದ್ದು ನೆನಪಿಲ್ಲ ಎಂದು ನಾನು ಕೇಳಿದ ನಾಲ್ಕೈದು ಯುವ ವೈದ್ಯರೂ ಹೇಳಿದರು. ಅಮೆರಿಕದಲ್ಲಿ ವೈದ್ಯರು ಆಸ್ಪತ್ರೆ ಬಿಡುವಾಗ 'ಟೇಲ್' ಎಂಬ ಹೆಚ್ಚುವರಿ ರಕ್ಷಣೆ ಕೊಳ್ಳುತ್ತಾರೆ, ಬಾಲ ಎಂದು ಅರ್ಥ. ಅದರ ದುಡ್ಡು ಆಸ್ಪತ್ರೆ ಕೊಡಬೇಕೋ ವೈದ್ಯರು ಕೊಡಬೇಕೋ ಎಂದು ಕೆಲಸಕ್ಕೆ ಸೇರುವಾಗಲೇ ಕರಾರಿನಲ್ಲಿ ಬರೆಯುತ್ತಾರಂತೆ. ನಮ್ಮಲ್ಲಿ ಸಂಬಳ ಎಷ್ಟು, ನೈಟ್ ಡ್ಯೂಟಿ ಎಷ್ಟು ಎಂದು ಕೇಳಿ ಸಹಿ ಹಾಕುತ್ತಾರೆ, ಅಲ್ಲಿಗೆ ಮುಗಿಯಿತು.

ಕೆಲಸ ಬಿಟ್ಟ ಮೇಲೆ ಎಷ್ಟು ಕಾಲ ಈ ಭಯ? ವೈದ್ಯರ ಸೇವೆಯೂ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು. ಈಗಿರುವ 2019ರ ಕಾಯ್ದೆಯಲ್ಲಿ ದೂರು ಕೊಡಲು ಎರಡು ವರ್ಷ ಅವಕಾಶ, ಸರಿಯಾದ ಕಾರಣವಿದ್ದರೆ ಆಯೋಗ ಅದರ ನಂತರವೂ ತೆಗೆದುಕೊಳ್ಳಬಹುದು. ಎರಡು ವರ್ಷದ ಎಣಿಕೆ ಯಾವಾಗ ಶುರು ಎನ್ನುವುದೂ ಒಂದು ಪ್ರಶ್ನೆ. ಹಾನಿ ಕಣ್ಣಿಗೆ ಕಾಣುವಂಥದ್ದಾದರೆ ಅದೇ ದಿನದಿಂದ. ಕಾಣದಂಥದ್ದಾದರೆ, ರೋಗಿಗೆ ಗೊತ್ತಾದ ಅಥವಾ ಎಚ್ಚರಿಕೆಯಿಂದ ನೋಡಿದ್ದರೆ ಗೊತ್ತಾಗಬೇಕಿದ್ದ ದಿನದಿಂದ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ವಿಷಯ, 2019ರ ಕಾಯ್ದೆಯಂತೆ ದೂರುದಾರರು ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮಂಗಳೂರಿನಲ್ಲಿ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಮಡಿಕೇರಿಯಿಂದ ನೋಟೀಸು ಬರಬಹುದು.

ಕೇಸು ಶುರುವಾದ ಮೇಲೆ ಎಷ್ಟು ವರ್ಷ ಎಳೆಯುತ್ತದೆ ಎನ್ನುವುದಕ್ಕೆ ದೊಡ್ಡ ಉದಾಹರಣೆಗಳಿವೆ. ಕೊಲ್ಕತ್ತದಲ್ಲಿ 1998ರಲ್ಲಿ ಚಿಕಿತ್ಸೆ ಪಡೆದು ತೀರಿಹೋದ ಅನುರಾಧಾ ಸಾಹಾ ಅವರ ಪ್ರಕರಣದಲ್ಲಿ ಅಂತಿಮ ಪರಿಹಾರ ನಿಗದಿಯಾದದ್ದು 2013ರಲ್ಲಿ, ಸುಮಾರು ಆರು ಕೋಟಿ ರೂಪಾಯಿ. ಹೆಚ್ಚಿನ ಪಾಲು ಆಸ್ಪತ್ರೆಯ ಮೇಲೆ ಬಂತು. ಆದರೆ ಮೂವರು ವೈದ್ಯರು ಸೇರಿ 25 ಲಕ್ಷ ಕೊಡಬೇಕಾಯಿತು. ಚೆನ್ನೈಯ ಸರ್ಕಾರಿ ಆಸ್ಪತ್ರೆಯಲ್ಲಿ 1996ರಲ್ಲಿ ಅವಧಿಗೆ ಮೊದಲೇ ಹುಟ್ಟಿದ ಹೆಣ್ಣುಮಗುವಿನ ಕಣ್ಣು ಪರೀಕ್ಷೆ ಮಾಡದೆ ದೃಷ್ಟಿ ಹೋದ ಪ್ರಕರಣದಲ್ಲಿ ತೀರ್ಪು ಬಂದದ್ದು 2015ರಲ್ಲಿ. ಪರಿಹಾರ ಸುಮಾರು 1.8 ಕೋಟಿ. ಅಷ್ಟರಲ್ಲಿ ಆ ಮಗು ಪ್ರಾಯಕ್ಕೆ ಬಂದಿದ್ದಳು. ಇವೆಲ್ಲ ಅಪರೂಪದ ದೊಡ್ಡ ಮೊತ್ತಗಳು, ಹೆದರಿಸಲು ಹೇಳುತ್ತಿಲ್ಲ. ರೋಗಿ ಗುಣವಾಗಲಿಲ್ಲ ಎಂದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎಂದಾಗುವುದಿಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟವಾಗಿಯೇ ಹೇಳಿದೆ. ಆದರೆ ತಪ್ಪಿಲ್ಲ ಎಂದು ತೋರಿಸಲಿಕ್ಕೂ ವಕೀಲರು ಬೇಕು, ಪರಿಣತರ ಅಭಿಪ್ರಾಯ ಬೇಕು, ವರ್ಷಗಟ್ಟಲೆ ಓಡಾಟ ಬೇಕು. ಗೆದ್ದವನೂ ಖರ್ಚು ಮಾಡಿಯೇ ಗೆಲ್ಲಬೇಕು.

"ಆಸ್ಪತ್ರೆಗೆ ವಿಮೆ ಇದೆಯಲ್ಲ?" ಎಂದು ಉಪ್ಪ ಕೇಳಿದರು. ಇದ್ದೇ ಇತ್ತು. ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆ ಎಂದು 1998ರಲ್ಲೇ ಸ್ಪ್ರಿಂಗ್ ಮೆಡೋಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆಸ್ಪತ್ರೆ ಹೊಣೆ ಎಂದರೆ ವೈದ್ಯೆ ಹೊಣೆಯಲ್ಲ ಎಂದು ಅರ್ಥವಲ್ಲ, ಇಬ್ಬರ ಹೆಸರೂ ದೂರಿನಲ್ಲಿ ಇರುತ್ತದೆ. ಆಸ್ಪತ್ರೆಯವರಿಗೆ ಫೋನ್ ಮಾಡಿದಾಗ, "ಅವರು ಈಗ ನಮ್ಮ ಸ್ಟಾಫ್ ಅಲ್ಲ, ಈ ವರ್ಷದ ಪಾಲಿಸಿಯ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನೀವು ಬೇರೆ ವಕೀಲರನ್ನು ಇಟ್ಟುಕೊಳ್ಳಿ" ಎಂದರು. ಮದುವೆಗೆ ಬಿರಿಯಾನಿ ತಿಂದು ಹೋದವರೇ ಅವರು! ಇರಲಿ. ಅವರ ಪಾಲಿಸಿಯೂ ಕ್ಲೇಮ್ಸ್ ಮೇಡ್, ಬಿಟ್ಟುಹೋದವರನ್ನೂ ಪಟ್ಟಿಯಲ್ಲಿ ಇಡಬೇಕೆಂದು ಯಾರೂ ಅವರನ್ನು ಕೇಳಿರಲಿಲ್ಲ.

ಕೆಲಸ ಬಿಟ್ಟವರಿಗೆ ಇನ್ನೊಂದು ತೊಡಕಿದೆ. ರೋಗಿಯ ಫೈಲು ಆಸ್ಪತ್ರೆಯಲ್ಲಿ ಇರುತ್ತದೆ. ದಾಖಲಾದ ರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು ಎಂಬುದು ವೈದ್ಯಕೀಯ ಮಂಡಳಿಯ 2002ರ ನಿಯಮ. ಆ ರಾತ್ರಿ ಹಿರಿಯರಿಗೆ ಫೋನ್ ಮಾಡಿದ್ದನ್ನು ಹುಡುಗಿ ಕೇಸ್ ಶೀಟಿನಲ್ಲಿ ಬರೆದಿದ್ದಾಳೆ ಎನ್ನುತ್ತಾಳೆ. ಆ ಶೀಟು ಈಗ ಯಾರ ಕೈಯಲ್ಲಿದೆ? ಅವಳ ಜೊತೆಗೇ ಎದುರುದಾರರಾಗಿರುವವರ ಕೈಯಲ್ಲಿ.

ನೋಟೀಸು ಕಪಾಟಿನಲ್ಲಿ ಇದ್ದ 19 ದಿನಗಳ ಬಗ್ಗೆಯೂ ಹೇಳಲೇಬೇಕು. ನೋಟೀಸು ಸಿಕ್ಕ 30 ದಿನದೊಳಗೆ ಲಿಖಿತ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನು 15 ದಿನ ಕೊಡಬಹುದು. ಒಟ್ಟು 45 ದಿನದ ಮೇಲೆ ಒಂದು ದಿನವನ್ನೂ ಕೊಡುವ ಅಧಿಕಾರ ಆಯೋಗಕ್ಕಿಲ್ಲ ಎಂದು 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಮಾನಿಸಿದೆ. ಆ ಅವಧಿ ದಾಟಿದರೆ ನಿಮ್ಮ ಕಡೆಯ ಮಾತು ಬರವಣಿಗೆಯಲ್ಲಿ ದಾಖಲಾಗುವುದೇ ಇಲ್ಲ. ಹೆಣ್ಣುಮಕ್ಕಳ ಹೆಸರಿನ ಸರ್ಕಾರಿ ಕಾಗದಗಳು ತವರುಮನೆಯ ವಿಳಾಸಕ್ಕೆ ಬರುತ್ತವೆ, ಮಗಳು ಗಲ್ಫಿನಲ್ಲಿ ಇರುತ್ತಾಳೆ. ದಯವಿಟ್ಟು ಲಕೋಟೆ ಒಡೆಯಿರಿ. ಫೋಟೋ ತೆಗೆದು ಅವತ್ತೇ ಮಗಳಿಗೆ ಕಳುಹಿಸಿ.

ನಮ್ಮ ಸಮುದಾಯದಲ್ಲಿ ಈ ವಿಷಯ ಈಗ ಯಾಕೆ ಮುಖ್ಯ ಎಂದರೆ, ಒಂದು ತಲೆಮಾರಿನ ಹಿಂದೆ ಬ್ಯಾರಿ ಮನೆಗಳಲ್ಲಿ ಡಾಕ್ಟರು ಎಂದರೆ ಬೆರಳೆಣಿಕೆ. ಈಗ ಯೆನೆಪೋಯ, ಕಣಚೂರಿನಂತಹ ಮೆಡಿಕಲ್ ಕಾಲೇಜುಗಳನ್ನೇ ನಮ್ಮವರು ಕಟ್ಟಿದ್ದಾರೆ. ಮೈಸೂರಿಗೆ ಬೇಕರಿ, ಹೋಟೆಲ್ ಎಂದು ಬಂದವರ ಮಕ್ಕಳು ಇಲ್ಲಿನ ಮೆಡಿಕಲ್, ಡೆಂಟಲ್, ನರ್ಸಿಂಗ್ ಕಾಲೇಜುಗಳಲ್ಲಿ ಓದುತ್ತಿದ್ದಾರೆ, ಅವರಲ್ಲಿ ಹೆಣ್ಣುಮಕ್ಕಳು ಹೆಚ್ಚು. ಅಲ್‌ಹಮ್ದುಲಿಲ್ಲಾಹ್. ಆದರೆ ನಮ್ಮ ಮಕ್ಕಳಷ್ಟು ಬೇಗ ಕೆಲಸ ಬಿಡುವವರೂ ಇಲ್ಲ. ನಿಕಾಹ್ ಆಯಿತು ಎಂದು ಬಿಡುತ್ತಾರೆ, ಹೆರಿಗೆ ಎಂದು ಬಿಡುತ್ತಾರೆ, ಪಿಜಿ ಸೀಟು ಸಿಕ್ಕಿತು, ವೀಸಾ ಬಂತು ಎಂದು ಬಿಡುತ್ತಾರೆ. ಪ್ರತಿ ಸಲ ಬಿಡುವಾಗಲೂ ಹಿಂದೆ ನೋಡಿದ ರೋಗಿಗಳ ಹೊಣೆ ಜೊತೆಗೇ ಬರುತ್ತದೆ. ನರ್ಸುಗಳಿಗೂ ಇದೇ ಮಾತು. ಇಂಜೆಕ್ಷನ್ ಕೊಟ್ಟವರು ಯಾರು ಎಂದು ಕೇಳುವಾಗ ಅವರ ಹೆಸರೂ ಬರುತ್ತದೆ.

ಗಲ್ಫಿನಲ್ಲಿ ಕಾನೂನು ಬೇರೆ. ಸೌದಿಯಲ್ಲಿ ವೈದ್ಯರಿಗೂ ದಂತವೈದ್ಯರಿಗೂ ಇಂತಹ ವಿಮೆ ಕಡ್ಡಾಯ. ಯುಎಇಯ 2016ರ ವೈದ್ಯಕೀಯ ಹೊಣೆಗಾರಿಕೆ ಕಾನೂನಿನಲ್ಲೂ ವಿಮೆ ಇಲ್ಲದೆ ವೈದ್ಯ ವೃತ್ತಿ ಮಾಡುವ ಹಾಗಿಲ್ಲ. ಅಲ್ಲಿಯ ಪಾಲಿಸಿ ಅಲ್ಲಿಯ ಕೆಲಸಕ್ಕೆ, ಮೈಸೂರಿನ ಹಳೆಯ ರೋಗಿಗೆ ಅದು ಬರುವುದಿಲ್ಲ. ಅಲ್ಲಿಂದ ಫೈನಲ್ ಎಕ್ಸಿಟ್ ಹೊಡೆದು ಬರುವವರೂ ಇದೇ ಪ್ರಶ್ನೆಯನ್ನು ಅಲ್ಲಿಯ ಆಸ್ಪತ್ರೆಗೆ ಕೇಳಿ ಬರಬೇಕು.

ಈಗ ದೀನಿನ ವಿಷಯ. "ಉಸ್ತಾದರೇ, ಇನ್ಶೂರೆನ್ಸ್ ಹರಾಂ ಅಲ್ಲವಾ? ಬಿಟ್ಟದ್ದು ಒಳ್ಳೆಯದೇ ಆಯಿತು" ಎಂದು ಮಸೀದಿಯಲ್ಲಿ ಒಬ್ಬರು ನನಗೇ ಹೇಳಿದರು. ನಾನು ಮುಫ್ತಿ ಅಲ್ಲ, ಫತ್ವಾ ಕೊಡುತ್ತಿಲ್ಲ. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆ ನಿಷಿದ್ಧ, ಪರಸ್ಪರ ಸಹಕಾರದ ವಿಮೆ ಅನುವದನೀಯ ಎಂದು ನಿರ್ಣಯ ಮಾಡಿದ್ದು ನಿಜ. ಕಾನೂನು ಕಡ್ಡಾಯ ಮಾಡಿದ ಕಡೆ ಉಲಮಾಗಳು ವಿನಾಯಿತಿ ಹೇಳಿದ್ದೂ ನಿಜ, ಇಲ್ಲವಾದರೆ ನಾವು ಬೈಕ್ ಓಡಿಸುವ ಹಾಗೆಯೇ ಇಲ್ಲ. ವೈದ್ಯರ ವಿಮೆ ನಮ್ಮ ದೇಶದಲ್ಲಿ ಬೈಕಿನದ್ದರಂತೆ ಕಡ್ಡಾಯವಲ್ಲ. ಆದ್ದರಿಂದ ಪ್ರಶ್ನೆ ಉಳಿಯುತ್ತದೆ, ನಿಮ್ಮ ವಿಶ್ವಾಸದ ಆಲಿಮರನ್ನು ಕೇಳಿ.

ಆದರೆ ಹರಾಂ ಎಂದು ಹೇಳಿ ಎದ್ದು ಹೋದರೆ ಹೊಣೆ ತೀರುವುದಿಲ್ಲ. ಫಿಕ್ಹ್‌ನಲ್ಲಿ 'ಳಮಾನ್' ಎಂಬ ಅಧ್ಯಾಯವೇ ಇದೆ, ನಷ್ಟ ತುಂಬಿಕೊಡುವ ಹೊಣೆ ಎಂದರ್ಥ. ವೈದ್ಯ ಗೊತ್ತಿಲ್ಲದೆ ಚಿಕಿತ್ಸೆಗೆ ಇಳಿದವನು ಹೊಣೆಗಾರ ಎಂಬ ಅರ್ಥದ ಹದೀಸ್ ಅಬೂದಾವೂದ್, ನಸಾಈ, ಇಬ್ನುಮಾಜಗಳಲ್ಲಿ ಬಂದಿದೆ. ಬಲ್ಲ ವೈದ್ಯ ರೋಗಿಯ ಒಪ್ಪಿಗೆಯಿಂದ, ಕ್ರಮ ತಪ್ಪದೆ ಚಿಕಿತ್ಸೆ ಮಾಡಿದರೆ ಹೊಣೆಯಿಲ್ಲ, ಎಡವಟ್ಟು ಮಾಡಿದರೆ ಇದೆ ಎಂದು ಇಮಾಮರು ಬಿಡಿಸಿ ಹೇಳಿದ್ದಾರೆ. ಉದ್ದೇಶವಿಲ್ಲದೆ ಕೈತಪ್ಪಿ ಜೀವ ಹೋದರೆ ದಿಯತ್ ಅನ್ನು ಒಬ್ಬನ ತಲೆಗೆ ಕಟ್ಟದೆ ಅವನ ಆಕಿಲ, ಅಂದರೆ ಕುಟುಂಬದ ಗಂಡಸರು ಸೇರಿ ಮೂರು ವರ್ಷದಲ್ಲಿ ಕೊಟ್ಟು ತೀರಿಸುವ ಕ್ರಮ ನಮ್ಮ ಕಿತಾಬುಗಳಲ್ಲಿದೆ. ಸಾಲ ಬಾಕಿ ಇಟ್ಟು ತೀರಿಹೋದ ಒಬ್ಬರ ಜನಾಝ ನಮಾಝಿಗೆ ಪ್ರವಾದಿಯವರು (ಸ) ನಿಲ್ಲದಿದ್ದಾಗ ಅಬೂಖತಾದ (ರ) ಆ ಸಾಲ ತನ್ನ ಮೇಲಿರಲಿ ಎಂದು ಹೊತ್ತುಕೊಂಡ ಕಥೆಯನ್ನು ನಾವು ಮದ್ರಸದ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇವೆ. ತೀರಿಹೋದವರ ಆ ಇಬ್ಬರು ಮಕ್ಕಳಿಗೆ ಹಕ್ಕು ಇದೆ ಎಂದು ಆಯೋಗ ಹೇಳಿದರೆ, ಅದು ಅಡಿಯಾರುಗಳ ನಡುವಿನ ಹಕ್ಕು. ಅಲ್ಲಾಹನು ಕ್ಷಮಿಸುವ ಮೊದಲು ಅವರು ಕ್ಷಮಿಸಬೇಕಾದ ಹಕ್ಕು. ಕೊಡಲು ನಮ್ಮ ಹತ್ತಿರ ಏನು ಇದೆ? ಉಮ್ಮನ ಬಳೆ, ಮಗಳ ಮಹ್ರ್‌ನ ಚಿನ್ನ.

ವಾಣಿಜ್ಯ ವಿಮೆ ಮನಸ್ಸಿಗೆ ಒಪ್ಪದವರಿಗೆ ಇನ್ನೊಂದು ದಾರಿ ಇದೆ. ಭಾರತೀಯ ವೈದ್ಯಕೀಯ ಸಂಘ, ಅಂದರೆ ಐಎಂಎ, ತನ್ನ ಸದಸ್ಯರಿಗೆ ಪ್ರೊಫೆಷನಲ್ ಪ್ರೊಟೆಕ್ಷನ್ ಸ್ಕೀಮ್ ನಡೆಸುತ್ತದೆ. ಪಕ್ಕದ ಕೇರಳದ ಶಾಖೆಯಲ್ಲಿ ಇದು ಹೆಸರುವಾಸಿ. ವೈದ್ಯರೇ ಸೇರಿ ಹಣ ಕೂಡಿಟ್ಟು, ಕೇಸು ಬಂದವರಿಗೆ ಅದರಿಂದ ನೆರವಾಗುತ್ತಾರೆ. ಪರಸ್ಪರ ಸಹಕಾರ ಎನ್ನುವುದಕ್ಕೆ ಇದು ಹತ್ತಿರ ಎಂದು ನನಗೆ ಅನಿಸುತ್ತದೆ, ಆಲಿಮರು ಅದರ ನಿಯಮಗಳನ್ನು ನೋಡಿ ಹೇಳಲಿ. ಅಲ್ಲಿಯೂ ಸದಸ್ಯತ್ವ ಬಿಟ್ಟರೆ ರಕ್ಷಣೆ ಏನಾಗುತ್ತದೆ ಎಂದು ಕೇಳಿಯೇ ಸೇರಬೇಕು.

ಪಾಲಿಸಿ ಇರುವವರು ಕೆಲಸ ಬಿಟ್ಟರೂ ನವೀಕರಣ ಬಿಡಬೇಡಿ. "ನಾನು ಈಗ ಪ್ರಾಕ್ಟೀಸ್ ಮಾಡುತ್ತಿಲ್ಲ, ಹಳೆಯ ಕೆಲಸಕ್ಕೆ ಮಾತ್ರ ರಕ್ಷಣೆ ಬೇಕು" ಎಂದು ಕಂಪೆನಿಗೆ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲಿ ಪಡೆಯಿರಿ. ಕನಿಷ್ಠ ಎರಡು ಮೂರು ವರ್ಷ ಅದು ಇರಲಿ. ಹೆರಿಗೆ, ಮಕ್ಕಳ ವಿಭಾಗ, ಆಪರೇಷನ್ ಥಿಯೇಟರಿನಲ್ಲಿ ಇದ್ದವರು ಇನ್ನೂ ಹೆಚ್ಚು ಕಾಲ ಇಟ್ಟುಕೊಳ್ಳುವುದು ಒಳ್ಳೆಯದು. ಪಾಲಿಸಿ ಮುಗಿದ ನಂತರ ಕ್ಲೇಮು ತಿಳಿಸಲು ಕೆಲವು ಕಂಪೆನಿಗಳು ಸ್ವಲ್ಪ ದಿನ ಕೊಡುತ್ತವೆ, ಅದನ್ನು ನಂಬಿ ಕೂರುವ ಹಾಗಿಲ್ಲ. ಕಂಪೆನಿ ಬದಲಿಸುವುದಾದರೆ ಹಳೆಯ ರೆಟ್ರೋಆಕ್ಟಿವ್ ತಾರೀಖನ್ನೇ ಹೊಸ ಪಾಲಿಸಿಯಲ್ಲಿ ಬರೆಸಿಕೊಳ್ಳಿ. ರೋಗಿಯ ಕಡೆಯವರು ಜಗಳ ಮಾಡಿ ಹೋಗಿದ್ದರೆ, ನೋಟೀಸು ಬರಲಿ ಎಂದು ಕಾಯದೆ, ಪಾಲಿಸಿ ಚಾಲ್ತಿಯಲ್ಲಿ ಇರುವಾಗಲೇ ಕಂಪೆನಿಗೆ ತಿಳಿಸಿ. ಆಪರೇಷನ್ ಮಾಡದ ವೈದ್ಯರಿಗೆ ವರ್ಷದ ಕಂತು ಕೆಲವು ಸಾವಿರ ರೂಪಾಯಿ ಮಾತ್ರ. ಮೆಹಂದಿ ರಾತ್ರಿಯ ಲೈಟಿಂಗಿಗೆ ನಾವು ಅದಕ್ಕಿಂತ ಹೆಚ್ಚು ಖರ್ಚು ಮಾಡುತ್ತೇವೆ.

ನಮ್ಮವರೇ ನಡೆಸುವ ಆಸ್ಪತ್ರೆ, ಕ್ಲಿನಿಕ್, ನರ್ಸಿಂಗ್ ಹೋಮುಗಳ ಮಾಲಕರಿಗೂ ಒಂದು ಮಾತು. ನಿಮ್ಮ ಪಾಲಿಸಿಯಲ್ಲಿ ಕೆಲಸ ಬಿಟ್ಟುಹೋದ ವೈದ್ಯರ, ನರ್ಸುಗಳ ಹಳೆಯ ಕೆಲಸವೂ ಸೇರಿದೆಯೇ ಎಂದು ಈ ಸಲದ ನವೀಕರಣದಲ್ಲಿ ನೋಡಿ. ಇಲ್ಲದಿದ್ದರೆ ಸೇರಿಸಿ. ರಿಲೀವಿಂಗ್ ಲೆಟರ್ ಕೊಡುವಾಗ ಅದನ್ನು ಒಂದು ಸಾಲಿನಲ್ಲಿ ಬರೆದು ಕೊಡಿ. ರಾತ್ರಿ ಎರಡು ಗಂಟೆಗೆ ನಿಮ್ಮ ಆಸ್ಪತ್ರೆಯ ಬಾಗಿಲು ಕಾದವರು 25 ವರ್ಷದ ಆ ಮಕ್ಕಳು.

ಹುಡುಗಿಯ ಲಿಖಿತ ಉತ್ತರ 41ನೇ ದಿನ ಸಲ್ಲಿಕೆಯಾಯಿತು. ದಮ್ಮಾಮಿನಿಂದ ಅವಳು ಸಹಿ ಮಾಡಿದ ಕಾಗದ ಊರಿಗೆ ಬರುವ ಒಬ್ಬರ ಕೈಯಲ್ಲಿ ಬಂತು. ಗಂಡನ ಮನೆಯವರಿಗೂ ವಿಷಯ ತಿಳಿಯಿತು, ಉಮ್ಮ ಹೆದರಿದಂತೆ ಏನೂ ಆಗಲಿಲ್ಲ. ವಕೀಲರ ಫೀಸಿನ ಅರ್ಧವನ್ನು ಅವಳ ಮಾವನವರೇ ಕೊಟ್ಟರು. ಉಳಿದರ್ಧಕ್ಕೆ ಉಪ್ಪ ಅಂಗಡಿಯ ಚೀಟಿ ಎತ್ತಿದ್ದಾರೆ. ಮುಂದಿನ ವಿಚಾರಣೆ ಬರುವ ತಿಂಗಳು.